ಮಹಾಮಹೋಪಾಧ್ಯಾಯ ರುದ್ರಪಟ್ಟಣ ಶಾಮಾಶಾಸ್ತ್ರಿಗಳು

ಮೈಸೂರು ನಗರವು ವಿದ್ವಾಂಸರ ನೆಲೆವೀಡೆಂದು ಹೆಸರಾದುದು ಅರಮನೆಯ ವೈಭವದಿಂದ ಮಾತ್ರವಲ್ಲ. ಪಾಠಶಾಲೆಗಳಲ್ಲಿಯೂ ಗ್ರಂಥಭಂಡಾರಗಳಲ್ಲಿಯೂ ಕುಳಿತು ಮೌನವಾಗಿ ದುಡಿದ ಪಂಡಿತರಿಂದ. ಅಂತಹವರಲ್ಲಿ ಅಗ್ರಗಣ್ಯರು ಮಹಾಮಹೋಪಾಧ್ಯಾಯ ರುದ್ರಪಟ್ಟಣ ಶಾಮಾಶಾಸ್ತ್ರಿಗಳು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ಮರಳಿ ದೊರಕಿಸಿಕೊಟ್ಟವರೆಂದು ಅವರನ್ನು ಎಲ್ಲರೂ ಬಲ್ಲರು. ಆದರೆ ಆ ಗ್ರಂಥದಲ್ಲಿ ಯುದ್ಧಯಂತ್ರಗಳನ್ನು ಹೇಳುವ ಒಂದು ಕಿರಿಯ ಅಧ್ಯಾಯವನ್ನು ಅವರು ಎಂತಹ ಎಚ್ಚರದಿಂದ ಓದಿದರೆಂಬುದನ್ನು ಬಲ್ಲವರು ವಿರಳ. ಅವರ ವಿದ್ವತ್ತಿನ ತಿರುಳನ್ನು ಅಲ್ಲಿಯೇ ಕಾಣಬಹುದೆಂದು ನನ್ನ ಭಾವನೆ.

ಶಾಸ್ತ್ರಿಗಳು ಜನಿಸಿದುದು 1868ರಲ್ಲಿ, ಕಾವೇರೀತೀರದ ರುದ್ರಪಟ್ಟಣದಲ್ಲಿ. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿಗೆ ಸೇರಿದ ಈ ಊರು ಸಂಗೀತಕ್ಕೂ ಶಾಸ್ತ್ರಾಧ್ಯಯನಕ್ಕೂ ಹೆಸರಾದುದು. ಹುಟ್ಟೂರಿನಲ್ಲಿ ವಿದ್ಯಾರಂಭ ಮಾಡಿ, ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ವಿದ್ವತ್ ಪದವಿಯನ್ನು ಗಳಿಸಿದರು. ಅಷ್ಟಕ್ಕೇ ನಿಲ್ಲದೆ ಇಂಗ್ಲಿಷನ್ನೂ ಕಲಿತು, 1889ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವೀಧರರಾದರು. ಹಳೆಯ ಪಾಠಕ್ರಮದ ಗಾಂಭೀರ್ಯವೂ ಹೊಸ ವಿದ್ಯೆಯ ವಿಮರ್ಶಾದೃಷ್ಟಿಯೂ ಒಬ್ಬರಲ್ಲಿಯೇ ಕೂಡಿಬಂದುದನ್ನು ಗುರುತಿಸಿದ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು, 1891ರಲ್ಲಿ ಸ್ಥಾಪಿತವಾದ ಸರ್ಕಾರಿ ಪ್ರಾಚ್ಯ ಪುಸ್ತಕಾಲಯದಲ್ಲಿ ಶಾಸ್ತ್ರಿಗಳು ಗ್ರಂಥಪಾಲಕರಾಗಲು ಪ್ರೋತ್ಸಾಹವಿತ್ತರು.

ನಮ್ಮ ಕುಂಬಾರಕೊಪ್ಪಲಿನಿಂದ ಕೆಲವೇ ಕಿಲೋಮೀಟರುಗಳ ದೂರದಲ್ಲಿ, ಇಂದು ಪ್ರಾಚ್ಯವಿದ್ಯಾ ಸಂಶೋಧನಾಲಯವೆಂದು ಕರೆಯಲ್ಪಡುವ ಸಂಸ್ಥೆಯೇ ಅದು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಆ ಪುಸ್ತಕಾಲಯಕ್ಕೆ ಒಪ್ಪಿಸಿದ ತಾಳೆಯೋಲೆಯ ಕಟ್ಟೊಂದನ್ನು ಶಾಸ್ತ್ರಿಗಳು 1905ರ ವೇಳೆಗೆ ಬಿಚ್ಚಿ ಓದಿದರು. ಅದು ಗ್ರಂಥಲಿಪಿಯಲ್ಲಿದ್ದ ಕೌಟಿಲೀಯ ಅರ್ಥಶಾಸ್ತ್ರ. ದಂಡಿಯ ದಶಕುಮಾರಚರಿತೆಯಲ್ಲಿಯೂ ಕಾಮಂದಕನ ನೀತಿಸಾರದಲ್ಲಿಯೂ ಬರುವ ಉಲ್ಲೇಖಗಳಿಂದ ವಿದ್ವಾಂಸರು ಆ ಗ್ರಂಥದ ಹೆಸರನ್ನು ಕೇಳಿದ್ದರೇ ಹೊರತು ಗ್ರಂಥವನ್ನು ಕಂಡಿರಲಿಲ್ಲ. ದಾನ ಕೊಟ್ಟ ಆ ಪಂಡಿತರ ಹೆಸರು ಲೋಕದಲ್ಲಿ ಪ್ರಸಿದ್ಧವಾಗಲಿಲ್ಲ. ಅವರ ದಾನವಾದರೋ ಭಾರತದ ಇತಿಹಾಸವನ್ನೇ ಬದಲಿಸಿತು.

ಓಲೆಗರಿಯನ್ನು ಓದುವುದು ಅಚ್ಚಿನ ಪುಸ್ತಕವನ್ನು ಓದಿದಂತಲ್ಲ. ಪದಪದಗಳ ನಡುವೆ ಬಿಡುವಿರುವುದಿಲ್ಲ. ಹುಳು ತಿಂದ ಕಡೆ ಅಕ್ಷರವಿಲ್ಲ. ಲಿಪಿಕಾರನ ಕೈತಪ್ಪಿದ ಕಡೆ ಅಕ್ಷರವಿದ್ದೂ ಅರ್ಥವಿಲ್ಲ. ಹದಿನೈದು ಅಧಿಕರಣಗಳ, ನೂರೈವತ್ತು ಅಧ್ಯಾಯಗಳ ಈ ಮಹಾಗ್ರಂಥದಲ್ಲಿ ಗಣಿ, ಸುಂಕ, ತೂಕ, ಆನೆ, ಕೋಟೆ ಮುಂತಾದ ವಿಷಯಗಳ ಪಾರಿಭಾಷಿಕ ಶಬ್ದಗಳು ಹೇರಳವಾಗಿವೆ. ಅವುಗಳಲ್ಲಿ ಎಷ್ಟೋ ನಿಘಂಟುಗಳಲ್ಲಿಯೂ ಇಲ್ಲದವು. ಶಾಸ್ತ್ರಿಗಳು ಅನುವಾದದ ಭಾಗಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸುತ್ತ ಬಂದು, 1909ರಲ್ಲಿ ಮೂಲಗ್ರಂಥವನ್ನೂ 1915ರಲ್ಲಿ ಸಂಪೂರ್ಣ ಇಂಗ್ಲಿಷ್ ಅನುವಾದವನ್ನೂ ಹೊರತಂದರು. ಅನುವಾದಕ್ಕೆ ಪ್ರಸಿದ್ಧ ಶಾಸನತಜ್ಞ ಜೆ. ಎಫ್. ಫ್ಲೀಟರ ಪ್ರಸ್ತಾವನೆ ದೊರಕಿತು.

ಎರಡನೆಯ ಅಧಿಕರಣದ ಹದಿನೆಂಟನೆಯ ಅಧ್ಯಾಯವು ಆಯುಧಾಗಾರಾಧ್ಯಕ್ಷನ ಕರ್ತವ್ಯಗಳನ್ನು ಹೇಳುತ್ತದೆ. ಕೋಟೆಯನ್ನು ಕಾಯುವುದಕ್ಕೂ ಶತ್ರುವಿನ ಪುರವನ್ನು ಮುರಿಯುವುದಕ್ಕೂ ಬೇಕಾದ ಯಂತ್ರಗಳನ್ನು ಕೌಟಿಲ್ಯನು ಅಲ್ಲಿ ಸ್ಥಿರಯಂತ್ರ, ಚಲಯಂತ್ರಗಳೆಂದು ಎರಡು ವರ್ಗ ಮಾಡುತ್ತಾನೆ. ಸರ್ವತೋಭದ್ರ, ಜಾಮದಗ್ನ್ಯ, ಬಹುಮುಖ, ವಿಶ್ವಾಸಘಾತಿ, ಪರ್ಜನ್ಯಕ ಮೊದಲಾದುವು ಸ್ಥಿರಯಂತ್ರಗಳು. ಪಾಂಚಾಲಿಕ, ದೇವದಂಡ, ಸೂಕರಿಕ, ಹಸ್ತಿವಾರಕ, ಶತಘ್ನಿ ಮೊದಲಾದುವು ಚಲಯಂತ್ರಗಳು. ಯಂತ್ರದಿಂದ ಎಸೆಯುವ ಕಲ್ಲು, ಕವಣೆಯ ಕಲ್ಲು, ಕೈಯಿಂದ ಬೀಸುವ ಕಲ್ಲುಗಳನ್ನು ಅವನು ಬೇರೆಬೇರೆಯಾಗಿಯೇ ಎಣಿಸುತ್ತಾನೆ. ಆದರೆ ಯಂತ್ರಗಳ ವಿಷಯದಲ್ಲಿ ಮೂಲದಲ್ಲಿರುವುದು ಹೆಸರುಗಳಷ್ಟೇ, ಅಳತೆಯಿಲ್ಲ, ಚಿತ್ರವಿಲ್ಲ.

ಅಂತಹ ಕಡೆ ಪಂಡಿತನಿಗೆ ಒದಗುವ ಪ್ರಲೋಭನೆ ದೊಡ್ಡದು. ಧಾತುವನ್ನು ಹಿಡಿದು, ಪ್ರತ್ಯಯವನ್ನು ಹಚ್ಚಿ, ಬೇಕಾದ ಯಂತ್ರವನ್ನು ಶಬ್ದದಿಂದಲೇ ಕಟ್ಟಿ ನಿಲ್ಲಿಸಿಬಿಡಬಹುದು. ಶಾಸ್ತ್ರಿಗಳು ಹಾಗೆ ಮಾಡಲಿಲ್ಲ. ಅನುವಾದದ ಪಠ್ಯದಲ್ಲಿ ಯಂತ್ರಗಳ ಸಂಸ್ಕೃತ ನಾಮಗಳನ್ನೇ ಇರಿಸಿದರು. ವಿವರಣೆಯನ್ನು ಅಡಿಟಿಪ್ಪಣಿಗೆ ಇಳಿಸಿದರು. ಆ ವಿವರಣೆಗೆ ಆಧಾರವಾದುದು ಮೂಲದೊಡನೆ ದೊರೆತ ಭಟ್ಟಸ್ವಾಮಿಯ ವ್ಯಾಖ್ಯಾನದ ತುಣುಕು. ಎರಡನೆಯ ಅಧಿಕರಣದ ಒಂದು ಭಾಗಕ್ಕೆ ಮಾತ್ರ ಉಳಿದಿರುವ ಆ ವ್ಯಾಖ್ಯಾನದಲ್ಲಿ ಈ ಅಧ್ಯಾಯವೂ ಸೇರಿದ್ದುದು ನಮ್ಮ ಭಾಗ್ಯ. ಅದರಂತೆ ಸರ್ವತೋಭದ್ರವು ತಿರುಗುತ್ತ ಎಲ್ಲ ದಿಕ್ಕುಗಳಿಗೂ ಕಲ್ಲುಗಳನ್ನು ಎಸೆಯುವ ಚಕ್ರಯಂತ್ರ. ಜಾಮದಗ್ನ್ಯವು ಬಾಣಗಳನ್ನು ಬಿಡುವ ಮಹಾಯಂತ್ರ. ಪರ್ಜನ್ಯಕವು ಬೆಂಕಿಯನ್ನು ಆರಿಸುವ ನೀರಿನ ಯಂತ್ರ. ಸೂಕರಿಕವು ಶತ್ರುಗಳ ಕಲ್ಲೇಟನ್ನು ತಡೆಯಲು ಹತ್ತಿ ಅಥವಾ ಉಣ್ಣೆಯನ್ನು ತುಂಬಿದ ತೊಗಲ ಚೀಲ. ಮೂಲವು ಹೇಳಿದುದು ಯಾವುದು, ವ್ಯಾಖ್ಯಾನಕಾರನು ಹೇಳಿದುದು ಯಾವುದು ಎಂಬ ಗೆರೆಯನ್ನು ಶಾಸ್ತ್ರಿಗಳು ಅಳಿಸಲಿಲ್ಲ.

ಅದೇ ಕಾಲದಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಜರ್ಮನಿಯ ಸೇನಾಧಿಕಾರಿ ಎರ್ವಿನ್ ಶ್ರಾಮ್ ಎಂಬುವರು ಇಂಥದೇ ಸಾಹಸದಲ್ಲಿ ತೊಡಗಿದ್ದರು. ಸಾಲ್ಬುರ್ಗ್ ಎಂಬ ಹಳೆಯ ರೋಮನ್ ಕೋಟೆಗಾಗಿ ಅವರು ಪ್ರಾಚೀನ ಕಲ್ಲೆಸೆಯುವ ಯಂತ್ರಗಳನ್ನೂ ಬಾಣಯಂತ್ರಗಳನ್ನೂ ಮತ್ತೆ ನಿರ್ಮಿಸಿದರು. ಅವರಿಗೂ ಆಧಾರ ಹಳೆಯ ಬರಹಗಳೇ: ಗ್ರೀಕರಾದ ಫಿಲೋನ್, ಹೆರೋನರ ಗ್ರಂಥಗಳು ಮತ್ತು ರೋಮನ್ ಶಿಲ್ಪಿ ವಿಟ್ರೂವಿಯಸನ ವಾಸ್ತುಗ್ರಂಥದ ಹತ್ತನೆಯ ಸಂಪುಟ. ಪ್ರಾಣಿಗಳ ನರ ಅಥವಾ ಕೂದಲಿನ ಹುರಿಗಳನ್ನು ಬಿಗಿಯಾಗಿ ತಿರುಚಿ, ಆ ತಿರುಚಿನ ಬಲದಿಂದ ಕಲ್ಲನ್ನು ಎಸೆಯುವುದು ಆ ಯಂತ್ರಗಳ ಮರ್ಮ. ಕಲ್ಲಿನ ತೂಕದಿಂದ ಹುರಿಯ ರಂಧ್ರದ ವ್ಯಾಸವನ್ನೂ, ಆ ವ್ಯಾಸದಿಂದ ಉಳಿದ ಅಂಗಗಳ ಅಳತೆಯನ್ನೂ ಲೆಕ್ಕ ಹಾಕುವ ಸೂತ್ರವು ಅಲ್ಲಿ ಉಳಿದಿತ್ತು. ವಿಟ್ರೂವಿಯಸನ ಚಿತ್ರಗಳು ನಷ್ಟವಾಗಿದ್ದುವು. ಲಿಪಿಕಾರರು ಅಂಕಿಗಳನ್ನು ಕೆಡಿಸಿದ್ದರು. ಆದರೂ ಅಳತೆಯಿದ್ದುದರಿಂದ ಯಂತ್ರವು ಎದ್ದು ನಿಂತಿತು. 1912ರಲ್ಲಿ ಸ್ಪೇನಿನ ಆಂಪೂರಿಯಾಸಿನಲ್ಲಿ ಅಂತಹ ಯಂತ್ರದ ಕಬ್ಬಿಣದ ಚೌಕಟ್ಟೇ ಭೂಮಿಯಿಂದ ದೊರೆತು, ಗ್ರಂಥಸ್ಥ ಜ್ಞಾನವನ್ನು ಪರೀಕ್ಷಿಸಲು ಸಾಕ್ಷ್ಯವೊದಗಿತು.

ನಮ್ಮಲ್ಲಿ ಅಳತೆಯ ಸೂತ್ರ ಉಳಿಯಲಿಲ್ಲ. ಆದಕಾರಣ ಸರ್ವತೋಭದ್ರವನ್ನು ಹಾಗೆ ನಿಶ್ಚಯವಾಗಿ ಕಟ್ಟಿ ನಿಲ್ಲಿಸಲಾಗದು. ಇದು ನಾಚಿಕೆಯ ಮಾತಲ್ಲ. ಒಡೆದ ಮಡಕೆಯ ಕಂಠ ದೊರೆತರೆ ಕುಂಬಾರನು ಅದರ ಬಾಯಗಲವನ್ನು ಹೇಳಬಲ್ಲನು. ಚೂರೊಂದೇ ದೊರೆತರೆ ಅದು ಎಂತಹ ಮಣ್ಣೆಂದಷ್ಟೇ ಹೇಳುವನು. ಅದಕ್ಕಿಂತ ಹೆಚ್ಚು ಹೇಳುವವನು ಬಲ್ಲವನಲ್ಲ.

ಈ ಪಾಠವನ್ನು ನಾನು ತಡವಾಗಿ ಕಲಿತೆ. ಅಧ್ಯಾಪಕವೃತ್ತಿಯ ಮೊದಲ ವರ್ಷಗಳಲ್ಲಿ ವಾಲ್ಮೀಕಿಯ ಅಯೋಧ್ಯಾವರ್ಣನೆಯನ್ನು ಬೋಧಿಸುತ್ತಿರುವಾಗ, ಶತಘ್ನಿಯೆಂದರೇನೆಂದು ಬಾಲಕನೊಬ್ಬನು ಕೇಳಿದನು. ಅದು ನೂರು ಜನರನ್ನು ಕೊಲ್ಲುವ ಫಿರಂಗಿಯೆಂದು ನಾನು ಹೆಮ್ಮೆಯಿಂದ ಉತ್ತರಿಸಿದೆ, ತರಗತಿಯೆಲ್ಲ ಹರ್ಷಪಟ್ಟಿತು. ಪ್ರಾಚೀನ ಭಾರತದಲ್ಲಿ ಮದ್ದುಗುಂಡಿನ ಆಯುಧಗಳಿದ್ದುವೆಂದು ಮದರಾಸಿನ ಪ್ರಾಧ್ಯಾಪಕ ಗುಸ್ತಾವ್ ಓಪರ್ಟರು 1880ರಲ್ಲಿಯೇ ವಾದಿಸಿದ್ದರಾಗಿ, ಅಂತಹ ಮಾತು ನಮ್ಮವರಲ್ಲಿ ಬೇರೂರಿತ್ತು. ವರ್ಷಗಳ ಮೇಲೆ ಶಾಸ್ತ್ರಿಗಳ ಟಿಪ್ಪಣಿಯನ್ನು ನೋಡಿದಾಗ, ಶತಘ್ನಿಯು ಕೋಟೆಗೋಡೆಯ ಮೇಲೆ ಇರಿಸುವ, ಅಸಂಖ್ಯ ಮೊನೆಗಳುಳ್ಳ ದೊಡ್ಡ ಕಂಬವೆಂದು ಕಂಡಿತು. ದೇಶಾಭಿಮಾನಿಗಳಿಗೆ ಫಿರಂಗಿ ಪ್ರಿಯವಾಗುತ್ತಿತ್ತು. ಶಾಸ್ತ್ರಿಗಳು ಪ್ರಿಯವಾದುದನ್ನು ಬಿಟ್ಟು ಓಲೆಯಲ್ಲಿದ್ದುದನ್ನು ಬರೆದರು. ಆ ಬಾಲಕನಿಗೆ ನನ್ನ ತಪ್ಪನ್ನು ತಿಳಿಸುವ ಅವಕಾಶ ನನಗೆ ದೊರೆಯಲೇ ಇಲ್ಲ. ಈ ಲೇಖನವು ಅವನ ಕಣ್ಣಿಗೆ ಬಿದ್ದರೆ ನನ್ನ ಋಣ ಕಳೆದೀತು.

ಶಾಸ್ತ್ರಿಗಳ ಕೃತಿ ಅಂತಿಮವಾಗಿರಲಿಲ್ಲ. ಅವರೇ ಮುಂದಿನ ಆವೃತ್ತಿಗಳಲ್ಲಿ ತಿದ್ದಿಕೊಂಡರು. ತಿರುವನಂತಪುರದ ಟಿ. ಗಣಪತಿಶಾಸ್ತ್ರಿಗಳು 1924ರಿಂದ ಸವ್ಯಾಖ್ಯಾನ ಆವೃತ್ತಿಯನ್ನೂ, ಆರ್. ಪಿ. ಕಾಂಗ್ಲೆಯವರು 1960ರಲ್ಲಿ ಪರಿಷ್ಕೃತ ಪಠ್ಯವನ್ನೂ ಪ್ರಕಟಿಸಿದರು. ಗ್ರಂಥದ ಕಾಲವನ್ನು ಕುರಿತ ಚರ್ಚೆ ಇನ್ನೂ ಮುಂದುವರಿದಿದೆ. ಇವೆಲ್ಲಕ್ಕೂ ಅಡಿಪಾಯ ಮೈಸೂರಿನದು.

ಶಾಸ್ತ್ರಿಗಳು ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರಾಗಿಯೂ, ಪ್ರಾಚ್ಯ ಪುಸ್ತಕಾಲಯದ ಕ್ಯುರೇಟರಾಗಿಯೂ, ಆರ್. ನರಸಿಂಹಾಚಾರ್ಯರ ತರುವಾಯ ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿಯೂ ಸೇವೆ ಸಲ್ಲಿಸಿದರು. ವೇದಕಾಲದ ಪಂಚಾಂಗವನ್ನೂ ವೇದಾಂಗಜ್ಯೋತಿಷವನ್ನೂ ಕುರಿತು ಶ್ರಮಿಸಿದರು. ಕಲ್ಕತ್ತಾ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನೂ, ಭಾರತ ಸರ್ಕಾರವು ಮಹಾಮಹೋಪಾಧ್ಯಾಯ ಬಿರುದನ್ನೂ ನೀಡಿದುವು. ನಾಲ್ವಡಿ ಕೃಷ್ಣರಾಜ ಒಡೆಯರವರು ಜರ್ಮನಿಗೆ ಹೋದಾಗ, ಶಾಮಾಶಾಸ್ತ್ರಿಗಳ ಮೈಸೂರಿನವರೇ ತಾವೆಂದು ಅಲ್ಲಿಯವರು ಕೇಳಿದರೆಂಬ ಕಥೆಯನ್ನು ನಮ್ಮ ನಗರದ ಹಿರಿಯರು ಇಂದಿಗೂ ಹೇಳುವುದುಂಟು. 1944ರಲ್ಲಿ ಶಾಸ್ತ್ರಿಗಳು ದಿವಂಗತರಾದರು.

ಈ ಸಂಪುಟವನ್ನು ಓದುವ ಉಪಾಧ್ಯಾಯರಲ್ಲಿ ನನ್ನ ವಿನಂತಿ ಒಂದೇ: ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಮಕ್ಕಳೆದುರು ಹೇಳಲು ಸಂಕೋಚಪಡಬಾರದು. ಹಿರಿಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಮತ್ತೊಂದು ವಿನಂತಿ: ಮನೆಯ ಅಟ್ಟದಲ್ಲಿ ಹಿರಿಯರ ಓಲೆಗರಿಯ ಕಟ್ಟೇನಾದರೂ ಇದ್ದರೆ, ಜೀರ್ಣವಾಯಿತೆಂದು ಹೊಳೆಗೆ ಬಿಡದೆ, ಬಲ್ಲವರಿರುವ ಗ್ರಂಥಭಂಡಾರಕ್ಕೆ ಒಪ್ಪಿಸಬೇಕು. ಹೊಳೆಯ ಪಾಲಾದುದನ್ನು ಎಂತಹ ಶಾಮಾಶಾಸ್ತ್ರಿಗಳೂ ಓದಲಾರರು.