ಕ್ರಿಕೆಟ್ ವೀರ ಬಾಳೂ ಪಾಲವಣಕರ

ಪಶ್ಚಿಮ ರೈಲ್ವೆಯ ಗಾಡಿಯಲ್ಲಿ ಕುಳಿತು ಚರ್ಚ್‌ಗೇಟಿನ ಕಡೆಗೆ ಹೋಗುವಾಗ, ಚರ್ನಿ ರೋಡ್ ಮತ್ತು ಮರೀನ್ ಲೈನ್ಸ್ ನಿಲ್ದಾಣಗಳ ನಡುವೆ, ಸಮುದ್ರದ ದಿಕ್ಕಿನಲ್ಲಿ ಸಾಲಾಗಿ ಹಬ್ಬಿರುವ ಆಟದ ಬಯಲುಗಳನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನೋಡಿರಬಹುದು. ಪಾರ್ಸಿ, ಇಸ್ಲಾಂ, ಹಿಂದೂ ಎಂಬ ಹೆಸರುಗಳನ್ನು ಹೊತ್ತ ಜಿಮಖಾನೆಗಳು ಅವು. ಒಂದು ಕಾಲದಲ್ಲಿ ಈ ನಗರದ ಜನರು ಮತಧರ್ಮಗಳ ಪ್ರಕಾರ ತಂಡಗಳನ್ನು ಕಟ್ಟಿಕೊಂಡು ಕ್ರಿಕೆಟ್ ಆಡುತ್ತಿದ್ದರು. ಆ ಪಂದ್ಯಗಳನ್ನು ನೋಡಲು ಸಹಸ್ರಾರು ಜನರು ನೆರೆಯುತ್ತಿದ್ದರು. ಆ ಕಾಲದ ಹಿಂದೂ ತಂಡಕ್ಕೆ ಬೆನ್ನೆಲುಬಾಗಿ ನಿಂತು, ಆಂಗ್ಲರ ದಾಂಡಿಗರನ್ನು ತಬ್ಬಿಬ್ಬುಗೊಳಿಸಿದ ಒಬ್ಬ ಮಹಾನ್ ಆಟಗಾರನ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ. ಆತನೇ ಬಾಳೂ ಪಾಲವಣಕರ. ಬಾಳೂ ಎಂಬುದು ಮರಾಠಿ ಹೆಸರಾದರೂ ಕನ್ನಡದ ಕಿವಿಗೆ ಅದು ಬಾಳು ಎಂದೇ ಕೇಳಿಸುತ್ತದೆ. ಅವರ ಬಾಳು ಕನ್ನಡ ಮಕ್ಕಳು ತಿಳಿದುಕೊಳ್ಳಲೇಬೇಕಾದ ಬಾಳು.

ಬಾಳೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1870ರ ದಶಕದ ಮಧ್ಯಭಾಗದಲ್ಲಿ. ಅಂದು ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅವರ ತಂದೆ ಸೈನ್ಯದ ಸೇವೆಯಲ್ಲಿದ್ದರು. ಕುಟುಂಬವು ಕೊಂಕಣ ಮೂಲದ್ದು. ಚರ್ಮದ ಕಾಯಕವನ್ನು ಮಾಡುತ್ತ ಬಂದ ಚಮ್ಮಾರ ಸಮುದಾಯಕ್ಕೆ ಸೇರಿದ್ದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಅದೇ ಕಾಯಕದ ಹರಳಯ್ಯನವರನ್ನು ತಮ್ಮವರೆಂದು ಅಪ್ಪಿಕೊಂಡಿದ್ದರು. ಆದರೆ ಏಳು ಶತಮಾನಗಳು ಕಳೆದ ಮೇಲೂ ಸಮಾಜವು ಆ ಪಾಠವನ್ನು ಕಲಿತಿರಲಿಲ್ಲ. ಅಸ್ಪೃಶ್ಯರೆಂದು ಹೆಸರಿಟ್ಟು ಈ ಜನರನ್ನು ಬಾವಿಯಿಂದಲೂ ದೇವಾಲಯದಿಂದಲೂ ಪಂಕ್ತಿಯಿಂದಲೂ ದೂರವಿರಿಸಲಾಗಿತ್ತು.

ಬಾಳೂ ಚಿಕ್ಕವರಾಗಿದ್ದಾಗಲೇ ಕುಟುಂಬವು ಪುಣೆಗೆ ಬಂದು ನೆಲೆಸಿತು. ಅಲ್ಲಿನ ದಂಡಿನ ಪ್ರದೇಶದಲ್ಲಿ ಸಿಪಾಯಿಗಳು ಆಡಿ ಬಿಸುಟ ಚೆಂಡು ದಾಂಡುಗಳಿಂದ ಬಾಳೂ ಮತ್ತು ಅವರ ತಮ್ಮ ಶಿವರಾಮ ಕ್ರಿಕೆಟ್ ಕಲಿತರು. ಬಡತನದ ದೆಸೆಯಿಂದ ಶಾಲೆಯು ಬೇಗನೆ ನಿಂತುಹೋಯಿತು. ಬಾಳೂ ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ ಬಯಲು ಗುಡಿಸುವ, ಪಿಚ್ಚಿನ ಮೇಲೆ ಉರುಳುಗಲ್ಲು ಎಳೆಯುವ ಕೆಲಸಕ್ಕೆ ಸೇರಿದರು. ಸಂಬಳ ತಿಂಗಳಿಗೆ 3 ರೂಪಾಯಿ. ಮುಂದೆ ಪುಣೆಯಲ್ಲಿನ ಯುರೋಪಿಯನ್ನರ ಕ್ಲಬ್ಬಿನಲ್ಲಿ 4 ರೂಪಾಯಿಯ ಕೆಲಸ ದೊರೆಯಿತು. ಬಲೆ ಕಟ್ಟುವುದು, ಗೆರೆ ಎಳೆಯುವುದು, ಪಿಚ್ ಸಿದ್ಧಪಡಿಸುವುದು, ಇವು ಅಲ್ಲಿನ ದಿನಚರಿ. ಬಿಡುವಿನಲ್ಲಿ ಸಾಹೇಬರ ಅಭ್ಯಾಸಕ್ಕಾಗಿ ಚೆಂಡೆಸೆಯುವ ಅವಕಾಶವೂ ಬಂದಿತು.

ಈ ಅವಕಾಶವೇ ಅವರ ವಿದ್ಯಾಭ್ಯಾಸವಾಯಿತೆನ್ನಬೇಕು. ಬಾಳೂ ಎಡಗೈಯಿಂದ ನಿಧಾನಗತಿಯ ತಿರುಗುಚೆಂಡನ್ನು ಎಸೆಯುತ್ತಿದ್ದರು. ಇಂತಹ ಚೆಂಡು ನೆಲಕ್ಕೆ ತಾಗಿದ ಮೇಲೆ ಬಲಗೈ ದಾಂಡಿಗನಿಂದ ಹೊರಕ್ಕೆ ಸರಿಯುತ್ತದೆ. ದಾಂಡಿಗನು ಅದನ್ನೇ ನಿರೀಕ್ಷಿಸಿ ಕಾಲು ಮುಂದಿಟ್ಟಾಗ, ಅದೇ ಕೈಚಲನೆಯಿಂದ ತಿರುಗದೆ ನೇರವಾಗಿ ನುಗ್ಗುವ ಚೆಂಡೊಂದು ಬಂದರೆ ಗೂಟ ಉರುಳಿತೆಂದೇ ತಿಳಿಯಬೇಕು. ವೇಗವನ್ನು ಹೆಚ್ಚುಕಡಿಮೆ ಮಾಡುವುದು, ಚೆಂಡನ್ನು ಬಯಸಿದ ಸ್ಥಳದಲ್ಲಿಯೇ ಬೀಳಿಸುವುದು, ದಾಂಡಿಗನ ಮನಸ್ಸನ್ನು ಓದುವುದು, ಇವೆಲ್ಲವನ್ನೂ ಬಾಳೂ ಬಲೆಯೊಳಗಿನ ದಿನನಿತ್ಯದ ದುಡಿಮೆಯಿಂದಲೇ ಸಾಧಿಸಿಕೊಂಡರು. ಆ ಕ್ಲಬ್ಬಿನ ಶ್ರೇಷ್ಠ ದಾಂಡಿಗನಾಗಿದ್ದ ಗ್ರೆಗ್ ಎಂಬ ಸೇನಾಧಿಕಾರಿಯು ಬಾಳೂವಿನ ಎಸೆತದಲ್ಲಿ ತಾನು ಔಟಾದಾಗಲೆಲ್ಲ 8 ಆಣೆ ಇನಾಮು ಕೊಡುತ್ತಿದ್ದನೆಂದು ಪ್ರತೀತಿಯಿದೆ. ಆದರೆ ಅಲ್ಲಿ ಬಾಳೂವಿಗೆ ದಾಂಡು ಹಿಡಿಯುವ ಅವಕಾಶ ಮಾತ್ರ ಸಿಗಲಿಲ್ಲ. ಚೆಂಡೆಸೆಯುವುದು ಆಳಿನ ಕೆಲಸ, ದಾಂಡು ಬೀಸುವುದು ಒಡೆಯನ ಹಕ್ಕು ಎಂಬ ಭಾವನೆ ಅಂದು ಬಲವಾಗಿತ್ತು.

ಬಾಳೂವಿನ ಕೌಶಲದ ಸುದ್ದಿ ಪುಣೆಯ ಹಿಂದೂ ಕ್ರಿಕೆಟ್ ತಂಡದವರ ಕಿವಿಗೂ ಬಿತ್ತು. ಆಂಗ್ಲರನ್ನು ಸೋಲಿಸಬೇಕೆಂಬ ಆಸೆ ಅವರಿಗೆ ಬಹಳವಾಗಿತ್ತು. ಬಾಳೂ ಇಲ್ಲದೆ ಅದು ಸಾಧ್ಯವಿಲ್ಲವೆಂಬುದೂ ತಿಳಿದಿತ್ತು. ಆದರೆ ಅಸ್ಪೃಶ್ಯನನ್ನು ತಂಡಕ್ಕೆ ಸೇರಿಸಿಕೊಳ್ಳುವುದು ಹೇಗೆ? ಚರ್ಚೆ ನಡೆದು, ಕೊನೆಗೆ ಒಂದು ವಿಚಿತ್ರವಾದ ಒಪ್ಪಂದವಾಯಿತು. ಬಯಲಿನಲ್ಲಿ ಬಾಳೂ ಎಲ್ಲರಂತೆ ಒಬ್ಬ ಆಟಗಾರ. ಅವರು ಎಸೆದ ಚೆಂಡನ್ನು ಇತರರು ಹಿಡಿಯಬಹುದು, ಇತರರು ಎಸೆದುದನ್ನು ಅವರು ಹಿಡಿಯಬಹುದು. ಆದರೆ ಚಹದ ವೇಳೆ ಬಂದಿತೆಂದರೆ ಇತರರು ಮಂಟಪದೊಳಗೆ ಪಿಂಗಾಣಿ ಬಟ್ಟಲಿನಲ್ಲಿ ಚಹ ಕುಡಿಯುತ್ತಿದ್ದರು; ಬಾಳೂ ಹೊರಗೆ ನಿಂತು, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕಾಗಿತ್ತು. ಊಟವೂ ಬೇರೆಯೇ. ವಿದ್ಯಾರ್ಥಿಗಳೇ, ಇದನ್ನು ಕುರಿತು ಸ್ವಲ್ಪ ಯೋಚಿಸಿರಿ. ಚರ್ಮದಿಂದ ಮಾಡಿದ ಚೆಂಡಿಗೆ ಇಲ್ಲದ ಮೈಲಿಗೆಯು ಚಹದ ಬಟ್ಟಲಿಗೆ ಎಲ್ಲಿಂದ ಬಂದಿತು?

ಬಾಳೂವಿನ ನೆರವಿನಿಂದ ಪುಣೆಯ ಹಿಂದೂಗಳು ಸಾತಾರೆಯ ಯುರೋಪಿಯನ್ನರ ತಂಡವನ್ನು ಅವರ ಬಯಲಿನಲ್ಲಿಯೇ ಸೋಲಿಸಿದರು. ಊರಿನಲ್ಲಿ ಸಂಭ್ರಮವಾಯಿತು. ಸಮಾಜ ಸುಧಾರಕರಾದ ಮಹಾದೇವ ಗೋವಿಂದ ರಾನಡೆಯವರು, ಜೊತೆಯಲ್ಲಿ ಆಡಬಹುದಾದವನ ಜೊತೆಯಲ್ಲಿ ಉಣ್ಣಲು ಏಕೆ ಆಗದೆಂದು ಆಟಗಾರರನ್ನು ಬಹಿರಂಗವಾಗಿ ಎಚ್ಚರಿಸಿದರು.

1896ರಲ್ಲಿ ಪ್ಲೇಗು ಮಹಾಮಾರಿಯು ಮುಂಬಯಿಯಲ್ಲಿ ಕಾಣಿಸಿಕೊಂಡು ಬೇಗನೆ ಪುಣೆಗೂ ಹಬ್ಬಿತು. ಆ ಸಂಕಟದ ಕಾಲದಲ್ಲಿ ಬಾಳೂ ಪುಣೆಯನ್ನು ಬಿಟ್ಟು ಮುಂಬಯಿಗೆ ಬಂದರು. ಮೊದಲು ಸೈನ್ಯದಲ್ಲಿಯೂ ಅನಂತರ ಬಾಂಬೆ, ಬರೋಡಾ ಮತ್ತು ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿಯೂ ಉದ್ಯೋಗ ಮಾಡುತ್ತ, ಆ ತಂಡಗಳ ಪರವಾಗಿ ಆಡಿದರು. ಈ ರೈಲ್ವೆಯೇ 1951ರಲ್ಲಿ ಇತರ ಕೆಲವು ರೈಲ್ವೆಗಳೊಡನೆ ಕೂಡಿ ಪಶ್ಚಿಮ ರೈಲ್ವೆಯಾಯಿತು. ನಮ್ಮಲ್ಲಿ ಎಷ್ಟೋ ಮಂದಿ ಪ್ರತಿದಿನ ಏರುವ ಗಾಡಿಗೂ ಬಾಳೂ ಅವರಿಗೂ ಇರುವ ಸಂಬಂಧ ಇಂತಹದು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಮಹಾನಗರಕ್ಕೆ ಬಂದ ಲಕ್ಷಾಂತರ ಜನರಲ್ಲಿ ಬಾಳೂ ಒಬ್ಬರು. ನಮ್ಮ ಹಿರಿಯರೂ ಹಾಗೆಯೇ ಬಂದವರಲ್ಲವೇ?

ಮುಂಬಯಿಯ ಹಿಂದೂ ಜಿಮಖಾನೆಯಲ್ಲಿಯೂ ಅವರನ್ನು ಸೇರಿಸಿಕೊಳ್ಳುವ ಬಗ್ಗೆ ಆಕ್ಷೇಪಗಳೆದ್ದವು. ಆದರೆ ಗೆಲ್ಲಬೇಕೆಂಬ ಹಂಬಲವು ಆಕ್ಷೇಪಗಳನ್ನು ಮೀರಿತು. 1906ರ ಫೆಬ್ರವರಿಯಲ್ಲಿ ಹಿಂದೂ ತಂಡಕ್ಕೂ ಯುರೋಪಿಯನ್ನರ ತಂಡಕ್ಕೂ ಮುಂಬಯಿಯಲ್ಲಿ ಪಂದ್ಯ ನಡೆಯಿತು. ಬಾಳೂ, ಶಿವರಾಮ ಇಬ್ಬರೂ ಹಿಂದೂ ತಂಡದಲ್ಲಿದ್ದರು. ಹಿಂದೂಗಳು 242 ಮತ್ತು 160 ಓಟಗಳನ್ನು ಗಳಿಸಿದರು. ಯುರೋಪಿಯನ್ನರು 191 ಮತ್ತು 102 ಓಟಗಳಿಗೆ ಉರುಳಿದರು. 109 ಓಟಗಳ ಈ ಜಯದಿಂದ ಜನರು ಹುಚ್ಚೆದ್ದು ಕುಣಿದರು. ಹಿಂದಿನ ವರ್ಷವಷ್ಟೇ, 1905ರಲ್ಲಿ, ಪುಟ್ಟ ಜಪಾನು ದೊಡ್ಡ ರಷ್ಯಾವನ್ನು ಯುದ್ಧದಲ್ಲಿ ಸೋಲಿಸಿತ್ತು. ಬಂಗಾಳದ ವಿಭಜನೆಯಿಂದ ದೇಶವೆಲ್ಲ ಕುದಿಯುತ್ತಿತ್ತು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದುದು ಸಣ್ಣ ಮಾತಾಗಿರಲಿಲ್ಲ. ಈ ಜಯದಲ್ಲಿ ಅಸ್ಪೃಶ್ಯ ಸೋದರರ ಪಾಲಿದೆಯೆಂಬುದನ್ನು ಸುಧಾರಕರ ಪತ್ರಿಕೆಗಳು ಎತ್ತಿ ತೋರಿಸಿದವು. ಕಾಲಕ್ರಮದಲ್ಲಿ ಜಿಮಖಾನೆಯ ಒಳಗೆ ಸಹಭೋಜನಕ್ಕೂ ಅವಕಾಶವಾಯಿತು.

1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರ ನಾಯಕತ್ವದಲ್ಲಿ ಎಲ್ಲ ಮತಗಳ ಆಟಗಾರರನ್ನು ಒಳಗೊಂಡ ಭಾರತ ತಂಡವೊಂದು ಇಂಗ್ಲೆಂಡಿಗೆ ಪ್ರಯಾಣ ಮಾಡಿತು. ಬಾಳೂ ಮತ್ತು ಶಿವರಾಮರೂ ಹಡಗನ್ನೇರಿದರು. ಆಗ ಬಾಳೂವಿಗೆ ಮೂವತ್ತೈದರ ಆಸುಪಾಸು. ಸಾಮಾನ್ಯ ಆಟಗಾರರು ವಿಶ್ರಾಂತಿಯನ್ನು ಯೋಚಿಸುವ ವಯಸ್ಸು. ತಂಡದ ಸಾಧನೆಯೇನೋ ಅಷ್ಟಕ್ಕಷ್ಟೆ: 14 ಪ್ರಥಮದರ್ಜೆ ಪಂದ್ಯಗಳಲ್ಲಿ 2 ಗೆಲುವು, 10 ಸೋಲು, 2 ಸಮ. ಆದರೆ ಆ ಸೋಲುಗಳ ನಡುವೆ ಬಾಳೂ ಒಬ್ಬರೇ ಬೆಳಗಿದರು. ಅಪರಿಚಿತ ದೇಶ, ತಣ್ಣನೆಯ ಹವೆ, ನೋಯುವ ಭುಜ, ಇವಾವುದನ್ನೂ ಲೆಕ್ಕಿಸದೆ ಆ ಪ್ರವಾಸದ ಎಲ್ಲ ಪಂದ್ಯಗಳಲ್ಲಿ 114 ವಿಕೆಟ್‌ಗಳನ್ನು ಪಡೆದರು. ಪ್ರತಿ ವಿಕೆಟ್ಟಿಗೆ ಕೊಟ್ಟ ಓಟಗಳು ಸರಾಸರಿ 19ಕ್ಕಿಂತ ಕಡಿಮೆ. ತಮ್ಮ ಇಡೀ ಜೀವನದಲ್ಲಿ ಅವರು ಆಡಿದ ಪ್ರಥಮದರ್ಜೆ ಪಂದ್ಯಗಳು ಕೇವಲ 33; ಪಡೆದ ವಿಕೆಟ್‌ಗಳು 179. ಭಾರತವು ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು 1932ರಲ್ಲಿ. ಬಾಳೂ ಇಪ್ಪತ್ತು ವರ್ಷ ತಡವಾಗಿ ಹುಟ್ಟಿದ್ದರೆ ಅವರ ಹೆಸರು ಜಗತ್ತಿನ ಮೂಲೆಮೂಲೆಗೂ ಮುಟ್ಟುತ್ತಿತ್ತೆಂದು ನಮಗೆ ತೋರುತ್ತದೆ.

ಊರಿಗೆ ಮರಳಿದ ಬಾಳೂ ದಲಿತ ಬಂಧುಗಳ ಕಣ್ಮಣಿಯಾದರು. ಮುಂಬಯಿಯ ಚಾಳುಗಳಲ್ಲಿ ಬೆಳೆಯುತ್ತಿದ್ದ ಬಡಮಕ್ಕಳು ಅವರ ಹೆಸರನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಆಗಿನ್ನೂ ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರರೂ ಅವರನ್ನು ಅಭಿಮಾನದಿಂದ ಕಂಡವರಲ್ಲಿ ಒಬ್ಬರು.

ಇಷ್ಟಾದರೂ ಹಿಂದೂ ತಂಡದ ನಾಯಕಪಟ್ಟ ಬಾಳೂವಿಗೆ ದೊರೆಯಲಿಲ್ಲ. 1912ರಲ್ಲಿ ಮುಸ್ಲಿಂ ತಂಡವೂ ಸೇರಿ ಈ ಸ್ಪರ್ಧೆಯು ಚತುಷ್ಕೋಣ ಪಂದ್ಯಾವಳಿಯಾಯಿತು. ವರ್ಷ ವರ್ಷವೂ ಬಾಳೂ ಆಡಿದರು, ವಿಕೆಟ್ ತೆಗೆದರು. ನಾಯಕರಾಗಿ ಮಾತ್ರ ಮೇಲ್ಜಾತಿಯವರೇ ಆಯ್ಕೆಯಾಗುತ್ತಿದ್ದರು. ಅಷ್ಟರಲ್ಲಿ ಕಿರಿಯ ಸೋದರರಾದ ಗಣಪತ ಮತ್ತು ವಿಠ್ಠಲರೂ ಉತ್ತಮ ಆಟಗಾರರಾಗಿ ಬೆಳೆದಿದ್ದರು. ಇವರಲ್ಲಿ ಗಣಪತ ಅಲ್ಪಾಯುಷಿಯಾಗಿ ತೀರಿಕೊಂಡರು.

1920ರಲ್ಲಿ ಸಹನೆಯ ಕಟ್ಟೆಯೊಡೆಯಿತು. ಆ ವರ್ಷ ನಾಯಕರಾದ ಎಂ. ಡಿ. ಪೈಯವರು ಅಸ್ವಸ್ಥರಾದಾಗ ಅವರ ಸ್ಥಾನವನ್ನು ಇನ್ನೂ ತರುಣರಾಗಿದ್ದ ಡಿ. ಬಿ. ದೇವಧರರಿಗೆ ಕೊಡಲಾಯಿತು. ಬಾಳೂವನ್ನಂತೂ ತಂಡದಿಂದಲೇ ಕೈಬಿಡಲಾಗಿತ್ತು. ಇದು ಜಾತಿಯ ಕಾರಣದಿಂದ ಆದ ಅವಮಾನವೆಂದು ಸಾರಿ, ಶಿವರಾಮ ಮತ್ತು ವಿಠ್ಠಲ ತಂಡದಿಂದ ಹೊರಗೆ ಬಂದರು. ಅಸ್ಪೃಶ್ಯತೆಯ ವಿರುದ್ಧ ಗಾಂಧೀಜಿಯವರ ದನಿ ದೇಶದಲ್ಲಿ ಮೊಳಗುತ್ತಿದ್ದ ಕಾಲವದು; ಸಾರ್ವಜನಿಕರ ಸಹಾನುಭೂತಿ ಸೋದರರ ಕಡೆಗಿತ್ತು. ಪರಿಣಾಮವಾಗಿ ಮುಂದಿನ ಪಂದ್ಯಕ್ಕೆ ಪೈಯವರು ಮರಳಿ ಬಂದಾಗ ಬಾಳೂ ಉಪನಾಯಕರಾದರು, ತಮ್ಮಂದಿರೂ ತಂಡಕ್ಕೆ ಹಿಂದಿರುಗಿದರು. ಪೈಯವರು ಬಯಲಿನಿಂದ ಹೊರಗೆ ಹೋಗಿದ್ದಷ್ಟು ಹೊತ್ತು ಬಾಳೂವೇ ತಂಡವನ್ನು ನಡೆಸಿದರು. ಹದಿನೈದು ವರ್ಷಗಳ ಸೇವೆಗೆ ಸಂದ ನಾಯಕತ್ವ ಅಷ್ಟೇ. ಆದರೆ ಅಣ್ಣನಿಗೆ ಪೂರ್ಣವಾಗಿ ದೊರೆಯದಿದ್ದ ಗೌರವವು 1923ರಲ್ಲಿ ತಮ್ಮ ವಿಠ್ಠಲನಿಗೆ ದೊರೆಯಿತು. ಆತನ ನಾಯಕತ್ವದಲ್ಲಿ ಹಿಂದೂಗಳು ಯುರೋಪಿಯನ್ನರನ್ನು ಸೋಲಿಸಿದರು. ಜಾತಿಯ ಎಣಿಕೆಯಿಲ್ಲದೆ ಜನರು ಆತನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಆಟದಿಂದ ನಿವೃತ್ತರಾದ ಬಾಳೂ ಸಾರ್ವಜನಿಕ ಕಾರ್ಯದಲ್ಲಿ ತೊಡಗಿದರು. 1932ರಲ್ಲಿ ಗಾಂಧೀಜಿಯವರು ಯರವಡಾ ಸೆರೆಮನೆಯಲ್ಲಿ ಉಪವಾಸ ಕೈಗೊಂಡಾಗ ಏರ್ಪಟ್ಟ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಳೂವೂ ಒಬ್ಬರು. ದಲಿತರ ಏಳಿಗೆಗೆ ಯಾವ ದಾರಿ ಮೇಲೆಂಬ ವಿಷಯದಲ್ಲಿ ಅವರಿಗೂ ಅಂಬೇಡ್ಕರರಿಗೂ ಭಿನ್ನಾಭಿಪ್ರಾಯವಿತ್ತು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಬಾಳೂವನ್ನು ಅಂಬೇಡ್ಕರರ ಎದುರಿಗೇ ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಮತಗಳು, ಬಾಳೂವಿಗೆ 11,225 ಮತಗಳು ಬಂದವು. ಒಂದೇ ನೋವನ್ನುಂಡ ಇಬ್ಬರು ಎದುರೆದುರಾಗಿ ನಿಲ್ಲಬೇಕಾಗಿ ಬಂದುದು ವಿಷಾದದ ಸಂಗತಿಯೇ ಸರಿ. ಆದರೆ ಇಬ್ಬರ ಗುರಿಯೂ ಒಂದೇ ಆಗಿದ್ದಿತೆಂಬುದನ್ನು ಮರೆಯಲಾಗದು.

1955ರ ಜುಲೈ 4ರಂದು ಬಾಳೂ ಪಾಲವಣಕರರು ಮುಂಬಯಿಯಲ್ಲಿ ನಿಧನ ಹೊಂದಿದರು. ಅಷ್ಟು ಹೊತ್ತಿಗೆ ಸ್ವತಂತ್ರ ಭಾರತದ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿ ಐದು ವರ್ಷಗಳು ಕಳೆದಿದ್ದವು. ಅದನ್ನು ಆಚರಿಸುವವರನ್ನು ಶಿಕ್ಷಿಸುವ ಕಾಯಿದೆಯೂ ಅದೇ 1955ರಲ್ಲಿ ಬಂದಿತು. ಮಣ್ಣಿನ ಕುಡಿಕೆಯಲ್ಲಿ ಚಹ ಕುಡಿದ ಆಟಗಾರನು ಆ ದಿನವನ್ನು ಕಾಣುವಷ್ಟು ಕಾಲ ಬದುಕಿದುದು ನಮಗೆ ಸಮಾಧಾನ ತರುತ್ತದೆ.

ಶ್ರಮಪಟ್ಟರೆ ಯಾರು ಬೇಕಾದರೂ ಮೇಲೇರಬಹುದೆಂದು ನಾವು ತರಗತಿಯಲ್ಲಿ ಹೇಳುವುದುಂಟು. ಬಾಳೂ ಅವರ ಜೀವನವು ಆ ಮಾತಿಗೆ ಸಾಕ್ಷಿಯೂ ಹೌದು, ಎಚ್ಚರಿಕೆಯೂ ಹೌದು. ಅವರಷ್ಟು ಶ್ರಮಪಟ್ಟವರು ವಿರಳ. ಆದರೂ ಅವರ ಶ್ರಮವೊಂದೇ ಬಾಗಿಲನ್ನು ಪೂರ್ತಿ ತೆರೆಯಲಿಲ್ಲ. ತಮ್ಮಂದಿರು ತಮ್ಮ ಸ್ಥಾನವನ್ನು ಬಿಟ್ಟು ಅಣ್ಣನ ಪಕ್ಕದಲ್ಲಿ ನಿಂತಾಗಲೇ ಅದು ತುಸು ಸರಿಯಿತು. ಆದ್ದರಿಂದ, ವಿದ್ಯಾರ್ಥಿಗಳೇ, ನಮ್ಮ ಶಾಲೆಯ ತಂಡಕ್ಕೆ ನಾಯಕನನ್ನು ಆರಿಸುವಾಗ ಆತನ ಆಟವನ್ನು ಮಾತ್ರ ನೋಡಿರಿ. ಆಟ ಮುಗಿದು ನೀರು ಕುಡಿಯುವಾಗ ಲೋಟವನ್ನು ಮೊದಲು ಪಕ್ಕದವನ ಕೈಗೆ ಕೊಡಿರಿ. ಯಾರನ್ನಾದರೂ ಹೊರಗೆ ನಿಲ್ಲಿಸಿದ್ದು ಕಂಡುಬಂದರೆ, ನೀವೂ ಹೋಗಿ ಅವನ ಪಕ್ಕದಲ್ಲಿ ನಿಲ್ಲಿರಿ. ಧಾರವಾಡದಲ್ಲಿ ಹುಟ್ಟಿ ಮುಂಬಯಿಯಲ್ಲಿ ಮೆರೆದ ಈ ಮಹಾನುಭಾವನಿಗೆ ನಾವು ಸಲ್ಲಿಸಬಹುದಾದ ಗೌರವವು ಇದೇ.