ಹತ್ತಕ್ಕೆ ಎಷ್ಟು ಬಂತು?

ಕಳೆದ ವರ್ಷ ಅಕ್ಕ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಹೆತ್ತಳು. ಕೇಸ್‌ಪೇಪರಿನ ಮೇಲೆ ಅಪ್‌ಗಾರ್ 8, 9 ಅಂತ ಬರೆದಿತ್ತು. ಬಿ.ಕಾಂ. ಓದುವ ನನಗೆ ಗೊತ್ತಿರುವುದು ಜಿಎಸ್‌ಟಿ, ಟಿಡಿಎಸ್. ಇದೂ ಯಾವುದೋ ಉದ್ದ ಹೆಸರಿನ ಗಿಡ್ಡ ರೂಪ ಇರಬೇಕು ಅಂದುಕೊಂಡೆ. ಅದು ಮಗುವಿಗೆ ಹತ್ತಕ್ಕೆ ಬಂದ ಮಾರ್ಕು ಅಂತ ಸಿಸ್ಟರ್ ಹೇಳಿದರು. ಹುಟ್ಟಿ ಐದು ನಿಮಿಷದೊಳಗೆ ಎರಡು ಪರೀಕ್ಷೆ! ಡಿಸ್ಟಿಂಕ್ಷನ್ ಬಂತು ಅಂತ ಭಾವ ಪೇಡೆ ತರಲು ಓಡಿದರು. ಅವರು ವಾಪಸು ಬರುವಷ್ಟರಲ್ಲಿ ಮಗು ನೀಲಿಗಟ್ಟಿತ್ತು.

ಆ ಕಥೆ ಆಮೇಲೆ. ಮೊದಲು, ಅಪ್‌ಗಾರ್ ಎನ್ನುವುದು ಒಬ್ಬ ಹೆಂಗಸಿನ ಹೆಸರೆಂದು ನನಗೆ ತಿಳಿದ ಮೇಲೆ ಓದಿದ್ದನ್ನು ಹೇಳಬೇಕು.

ವರ್ಜೀನಿಯಾ ಅಪ್‌ಗಾರ್ ಹುಟ್ಟಿದ್ದು 1909ರಲ್ಲಿ, ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ವೆಸ್ಟ್‌ಫೀಲ್ಡ್‌ನಲ್ಲಿ. ಒಬ್ಬ ಅಣ್ಣ ಚಿಕ್ಕಂದಿನಲ್ಲೇ ಕ್ಷಯದಿಂದ ತೀರಿಕೊಂಡಿದ್ದ. ಓದಿದ್ದು ವಿದ್ಯಾರ್ಥಿವೇತನ ಮತ್ತು ಚಿಲ್ಲರೆ ಕೆಲಸಗಳ ಬಲದಿಂದ. ಕಾಲೇಜಿನ ಪ್ರಯೋಗಶಾಲೆಗೆ ಬೀದಿಬೆಕ್ಕು ಹಿಡಿದು ಕೊಡುವುದೂ ಅದರಲ್ಲೊಂದು. 1933ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರಾಗಿ ಹೊರಬಿದ್ದಾಗ ತರಗತಿಗೆ ನಾಲ್ಕನೆಯವರು, ಮೈತುಂಬ ಸಾಲ. ಆಸೆ ಇದ್ದದ್ದು ಸರ್ಜನ್ ಆಗಬೇಕೆಂದು. ಆದರೆ ಅದು ಆರ್ಥಿಕ ಕುಸಿತದ ಕಾಲ, ಹೆಣ್ಣು ಸರ್ಜನ್‌ಗೆ ಹೊಟ್ಟೆಪಾಡು ಕಷ್ಟವೆಂದು ಹಿರಿಯ ಸರ್ಜನ್ ಅಲೆನ್ ವಿಪ್ಪಲ್ ಅವರನ್ನು ಅರಿವಳಿಕೆ ವಿಭಾಗದ ಕಡೆ ತಿರುಗಿಸಿದರು. 1938ರಲ್ಲಿ ಅವರು ಆ ವಿಭಾಗದ ಮುಖ್ಯಸ್ಥೆ. ದುಡಿದು ಕಟ್ಟಿದ್ದು ಅವರು. 1949ರಲ್ಲಿ ಅದು ಸ್ವತಂತ್ರ ಇಲಾಖೆಯಾದಾಗ ಕುರ್ಚಿ ಸಿಕ್ಕಿದ್ದು ಒಬ್ಬ ಗಂಡಸಿಗೆ. ಅವರಿಗೆ ಪೂರ್ಣ ಪ್ರಾಧ್ಯಾಪಕ ಪದವಿ ಬಂತು, ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಆ ಪದವಿಗೇರಿದ ಮೊದಲ ಮಹಿಳೆ ಅವರೇ. ಕುರ್ಚಿ ತಪ್ಪಿದ್ದೂ ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು, ಹೆರಿಗೆ ವಾರ್ಡಿಗೆ ಕಾಲಿಡಲು ಪುರುಸೊತ್ತು ಸಿಕ್ಕಿತು.

ಆಗೆಲ್ಲ ಹೆರಿಗೆಯಾದ ಕೂಡಲೇ ಎಲ್ಲರ ಗಮನ ತಾಯಿಯ ಮೇಲೆ. ಉಸಿರಾಡದ ನೀಲಿ ಕೂಸು ಬದುಕುವುದಿಲ್ಲವೆಂದು ಬದಿಗಿಟ್ಟದ್ದೂ ಉಂಟು. ಗರ್ಭದಲ್ಲಿ ಮಗುವಿನ ಶ್ವಾಸಕೋಶದ ತುಂಬ ನೀರಿನಂಥ ದ್ರವ ಇರುತ್ತದೆ. ಆಮ್ಲಜನಕ ಬರುವುದು ಹೊಕ್ಕುಳಬಳ್ಳಿಯಿಂದ. ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಆ ದ್ರವ ಸರಿದು ಗಾಳಿ ತುಂಬಬೇಕು. ಅಲ್ಲಿ ತಡವಾದರೆ ಕ್ಷಣ ಕ್ಷಣಕ್ಕೂ ಬೆಲೆ.

1949ರ ಒಂದು ಬೆಳಿಗ್ಗೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಿಂಡಿ ತಿನ್ನುವಾಗ ಒಬ್ಬ ವಿದ್ಯಾರ್ಥಿ, ಹಸುಗೂಸಿನ ಸ್ಥಿತಿಯನ್ನು ಅಳೆಯುವುದು ಹೇಗೆ ಅಂತ ಕೇಳಿದ. ಅಪ್‌ಗಾರ್ ಕೈಗೆ ಸಿಕ್ಕ ಕಾಗದದ ಮೇಲೆ ಐದು ಅಂಶ ಗೀಚಿಕೊಟ್ಟರು: ಎದೆಬಡಿತ, ಉಸಿರಾಟ, ಕೆಣಕಿದರೆ ಮುಖ ಕಿವುಚುತ್ತದೆಯೇ, ಕೈಕಾಲು ಬಿಗಿಯಾಗಿದೆಯೇ, ಮೈಬಣ್ಣ. ಒಂದೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು. ಎದೆಬಡಿತ ನಿಮಿಷಕ್ಕೆ 100ಕ್ಕಿಂತ ಮೇಲಿದ್ದರೆ ಎರಡು, ಕೆಳಗಿದ್ದರೆ ಒಂದು. ಏಳಕ್ಕೆ ಮೇಲೆ ಬಂದರೆ ಚಿಂತೆಯಿಲ್ಲ, ಮೂರಕ್ಕೆ ಇಳಿದರೆ ಗಂಡಾಂತರ. ಬಣ್ಣವೆಂದರೆ ಬಿಳಿಯರ ಮಕ್ಕಳಿಗೇ ಲಾಭ ಅಂದುಕೊಳ್ಳಬೇಡಿ. ನಮ್ಮ ಮಕ್ಕಳಲ್ಲಿ ನಾಲಿಗೆ, ತುಟಿಯ ಒಳಭಾಗ ನೋಡುತ್ತಾರೆ.

1953ರಲ್ಲಿ ಇದು ಅಚ್ಚಾಯಿತು. ಮಾರ್ಕು ಹಾಕಬೇಕಾದರೆ ಮಗುವನ್ನು ನೋಡಲೇಬೇಕಲ್ಲ! ಡಂಕನ್ ಹಾಲಡೇ, ಸ್ಟಾನ್ಲಿ ಜೇಮ್ಸ್ ಎಂಬ ಸಹೋದ್ಯೋಗಿಗಳ ಜೊತೆ ಮಕ್ಕಳ ರಕ್ತ ಪರೀಕ್ಷಿಸಿದಾಗ, ಕಮ್ಮಿ ಮಾರ್ಕಿನ ಮಕ್ಕಳಲ್ಲಿ ಆಮ್ಲಜನಕ ಕಮ್ಮಿ, ಆಮ್ಲ ಜಾಸ್ತಿ ಅಂತ ಕಂಡಿತು. ತಾಯಂದಿರಿಗೆ ಕೊಡುತ್ತಿದ್ದ ಸೈಕ್ಲೋಪ್ರೊಪೇನ್ ಅನಿಲ ಮಗುವನ್ನು ಮಂಕುಗೊಳಿಸುತ್ತದೆಂದೂ ಗೊತ್ತಾಯಿತು. ಅದು ಅಪ್‌ಗಾರರಿಗೆ ಅಚ್ಚುಮೆಚ್ಚಿನ ಅನಿಲ. ಆದರೂ ಕೈಬಿಟ್ಟರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಇಲ್ಲಿ.

1962ರಲ್ಲಿ ಬಟರ್‌ಫೀಲ್ಡ್ ಎಂಬ ವೈದ್ಯರು ಅಪ್‌ಗಾರ್ ಹೆಸರಿನ ಐದು ಇಂಗ್ಲಿಷ್ ಅಕ್ಷರಗಳನ್ನೇ ಐದು ಲಕ್ಷಣಗಳಿಗೆ ಹೊಂದಿಸಿದರು. ಹಾಗಾಗಿ ನಾನು ಅಂದುಕೊಂಡದ್ದು ಪೂರಾ ತಪ್ಪೂ ಅಲ್ಲ!

ವಿಚಿತ್ರ ಹೆಂಗಸು. ಪಿಟೀಲು, ಚೆಲ್ಲೊ ನುಡಿಸುವುದಷ್ಟೇ ಅಲ್ಲ, ವಾದ್ಯಗಳನ್ನು ಕೈಯಾರೆ ಮಾಡುತ್ತಿದ್ದರು. ಆಸ್ಪತ್ರೆಯ ಟೆಲಿಫೋನ್ ಬೂತಿನ ಮರದ ಹಲಗೆ ಚೆನ್ನಾಗಿದೆಯೆಂದು 1957ರಲ್ಲಿ ಗೆಳತಿ ಕಾರ್ಲೀನ್ ಹಚಿನ್ಸ್ ಜೊತೆ ಸೇರಿ ಅದನ್ನು ಕದ್ದು, ಬೇರೆ ಹಲಗೆ ಇಟ್ಟು, ವಾದ್ಯ ಮಾಡಿಕೊಂಡರು. ಉಸಿರುಕಟ್ಟಿದವರಿಗೆಂದು ಚಾಕು, ನಳಿಗೆಗಳನ್ನು ಸದಾ ಜೊತೆಗಿಟ್ಟುಕೊಂಡೇ ತಿರುಗುತ್ತಿದ್ದರು.

ಐವತ್ತರ ಹೊಸ್ತಿಲಲ್ಲಿ, 1959ರಲ್ಲಿ, ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮತ್ತೊಂದು ಪದವಿ ಪಡೆದು, ಮಾರ್ಚ್ ಆಫ್ ಡೈಮ್ಸ್ ಸಂಸ್ಥೆ ಸೇರಿದರು. ಹತ್ತು ಸೆಂಟಿನ ನಾಣ್ಯ ಕೂಡಿಸಿ ಪೋಲಿಯೋ ವಿರುದ್ಧ ಹೋರಾಡಿದ ಸಂಸ್ಥೆ ಅದು. ಅಲ್ಲಿ ಇವರ ಪಾಲಿಗೆ ಬಂದದ್ದು ಹುಟ್ಟಿನಿಂದ ಬರುವ ಅಂಗದೋಷಗಳ ವಿಭಾಗ. ಮನೆಯೊಳಗೆ ಮುಚ್ಚಿಡುತ್ತಿದ್ದ ಈ ಸಂಗತಿಯನ್ನು ಊರೂರು ಸುತ್ತಿ ಬಹಿರಂಗವಾಗಿ ಮಾತಾಡಿದರು. 1964-65ರ ರುಬೆಲ್ಲಾ ಪಿಡುಗಿನ ನಂತರ ಲಸಿಕೆಗಾಗಿ ದನಿಯೆತ್ತಿದರು. 1974ರ ಆಗಸ್ಟ್‌ನಲ್ಲಿ ತೀರಿಕೊಂಡರು, ತಾವು ದುಡಿದ ಆಸ್ಪತ್ರೆಯಲ್ಲೇ.

ಇನ್ನು ನಮ್ಮ ಮಗು. ಅಳುವಾಗ ಕೆಂಪಗೆ, ಸುಮ್ಮನಾದರೆ ನೀಲಿ. ಅಮ್ಮ ತೊಡೆ ತಟ್ಟಿ ಸಮಾಧಾನ ಮಾಡಿದಷ್ಟೂ ಅದಕ್ಕೆ ಅಪಾಯ! ಸಿಸ್ಟರ್ ಸಣ್ಣ ನಳಿಗೆಯನ್ನು ಮೂಗಿಗೆ ತೂರಿಸಿದರು, ಎರಡು ಹೊಳ್ಳೆಯಲ್ಲೂ ಒಳಗೆ ಹೋಗಲಿಲ್ಲ. ಮೂಗಿನ ಹಿಂಬದಿ ಹುಟ್ಟಿನಿಂದಲೇ ಮುಚ್ಚಿತ್ತು. ಹಸುಗೂಸುಗಳು ಮುಖ್ಯವಾಗಿ ಮೂಗಿನಲ್ಲೇ ಉಸಿರಾಡುವುದು. ಬಾಯಿ ತೆರೆದು ಅಳುವಾಗ ಮಾತ್ರ ಇದಕ್ಕೆ ಗಾಳಿ. ಹುಟ್ಟಿದಾಗ ಜೋರಾಗಿ ಅತ್ತಿದ್ದಕ್ಕೇ ಎಂಟು ಮಾರ್ಕು ಬಂದದ್ದು. ಆ ಕ್ಷಣದ ಸ್ಥಿತಿ ಬಿಟ್ಟು ಒಳಗಿನ ದೋಷವನ್ನು ಆ ಮಾರ್ಕು ಹೇಳುವುದಿಲ್ಲ. ಬಾಯಲ್ಲಿ ನಳಿಗೆ ಇಟ್ಟು ಕಾಪಾಡಿದರು, ಒಂಬತ್ತನೇ ದಿನ ಆಪರೇಷನ್. ಪೇಡೆ ಡಬ್ಬಿ ಅಲ್ಲಿಯವರೆಗೂ ಯಾರೂ ಬಿಚ್ಚಲಿಲ್ಲ.

ಇದನ್ನು ಬರೆಯುವಾಗ ಸೊಸೆಮುದ್ದು ಪಕ್ಕದ ಚಾಪೆಯ ಮೇಲೆ ಮಲಗಿದ್ದಾಳೆ, ಬಾಯಿ ಮುಚ್ಚಿಕೊಂಡು.