ಟಿಪ್ಪು ಸುಲ್ತಾನನ ಪುಸ್ತಕಗಳು

ಮಕ್ಕಳೇ, ಶ್ರೀರಂಗಪಟ್ಟಣದ ಕೋಟೆಯನ್ನು ನೀವೆಲ್ಲ ನೋಡಿರುತ್ತೀರಿ. ಅಲ್ಲಿ ಒಂದು ಕಾಲಕ್ಕೆ ಸುಮಾರು 2,000 ಹಸ್ತಪ್ರತಿಗಳ ಗ್ರಂಥಾಲಯವಿತ್ತು ಎಂಬುದು ಗೊತ್ತೇ? ಅದು ಟಿಪ್ಪು ಸುಲ್ತಾನನದು.

ಟಿಪ್ಪು ದೇವನಹಳ್ಳಿಯಲ್ಲಿ ಜನಿಸಿದನು. ತಂದೆ ಹೈದರ್ ಅಲಿಗೆ ಓದುಬರಹ ಬರುತ್ತಿರಲಿಲ್ಲ. ಆದರೆ ಮಗನಿಗೆ ಒಳ್ಳೆಯ ಗುರುಗಳಿಂದ ಪಾಠ ಹೇಳಿಸಿದನು. ಟಿಪ್ಪು ಪರ್ಷಿಯನ್ ಭಾಷೆಯನ್ನು ಚೆನ್ನಾಗಿ ಕಲಿತನು. ಇರಾನ್ ದೇಶದ ಈ ಭಾಷೆ ಆಗ ಭಾರತದ ಅನೇಕ ಆಸ್ಥಾನಗಳಲ್ಲಿ ಕಚೇರಿಯ ಭಾಷೆಯಾಗಿತ್ತು. ನಾವು ಆಡುವ ಜಮೀನು, ಗುಮಾಸ್ತ, ಗುಲಾಬಿ ಎಂಬ ಪದಗಳು ಅಲ್ಲಿಂದಲೇ ಬಂದವು. ಟಿಪ್ಪು ತನಗೆ ಬಿದ್ದ ಕನಸುಗಳನ್ನೂ ಪರ್ಷಿಯನ್ ಭಾಷೆಯಲ್ಲಿ ಸ್ವಂತ ಕೈಯಿಂದ ಬರೆದಿಟ್ಟಿದ್ದನು!

1782ರಲ್ಲಿ ಹೈದರ್ ತೀರಿಕೊಂಡ ಮೇಲೆ ಟಿಪ್ಪು ಅಧಿಕಾರಕ್ಕೆ ಬಂದನು. ಅವನ ಯುದ್ಧ, ಆಡಳಿತಗಳ ಬಗ್ಗೆ ಚರಿತ್ರೆಕಾರರು ಇಂದಿಗೂ ವಾದಿಸುತ್ತಾರೆ. ಅದನ್ನು ಸಮಾಜ ವಿಜ್ಞಾನದ ಪಾಠಕ್ಕೆ ಬಿಡೋಣ. ನಮಗೆ ಬೇಕಾದುದು ಅವನ ಕುತೂಹಲ.

ಟಿಪ್ಪುವಿಗೆ ಫ್ರೆಂಚರ ಸ್ನೇಹವಿತ್ತು. ಅವರ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಯೇ ಇಂದಿನ ಪಾಂಡವಪುರ. ಪುದುಚೇರಿಯ ಫ್ರೆಂಚ್ ಗವರ್ನರ್ ಅವನಿಗೊಂದು ವಾಯುಭಾರಮಾಪಕವನ್ನು ಕಳುಹಿಸಿದ್ದನು. ಗಾಳಿಯ ಒತ್ತಡ ಬದಲಾದಂತೆ ಅದರ ಪಾದರಸ ಏರಿಳಿಯಬೇಕು. ಅದು ಏರಿಳಿಯುತ್ತಿಲ್ಲ, ಉಪಕರಣ ಹಳೆಯದು, ಹೊಸದನ್ನು ಕಳುಹಿಸಿ ಎಂದು ಟಿಪ್ಪು ಪತ್ರ ಬರೆಸಿದನು. ರಾಜನೊಬ್ಬ ಪಾದರಸವನ್ನು ಗಮನಿಸುತ್ತಾ ಕುಳಿತದ್ದನ್ನು ಊಹಿಸಿಕೊಳ್ಳಿ!

ಅವನ ಸೈನ್ಯದ ನಿಯಮಗಳ ಪುಸ್ತಕವೂ ಪರ್ಷಿಯನ್ ಭಾಷೆಯಲ್ಲಿತ್ತು. ಅದರಲ್ಲಿ ರಾಕೆಟ್ ಪಡೆಯ ವಿಷಯವೂ ಇತ್ತು. ದೀಪಾವಳಿಯ ರಾಕೆಟ್ಟಿನ ಕೊಳವೆ ಕಾಗದದ್ದು. ಮದ್ದು ಹೆಚ್ಚಾದರೆ ಸಿಡಿದುಹೋಗುತ್ತದೆ. ಮೈಸೂರಿನ ರಾಕೆಟ್ಟಿನ ಕೊಳವೆ ಕಬ್ಬಿಣದ್ದು. ಅದು ಹೆಚ್ಚಿನ ಒತ್ತಡವನ್ನು ತಡೆಯುತ್ತಿದ್ದುದರಿಂದ ಅನಿಲ ಹಿಂದಕ್ಕೆ ರಭಸದಿಂದ ನುಗ್ಗಿ ರಾಕೆಟ್ ಬಹುದೂರ ಹಾರುತ್ತಿತ್ತು. ಕೊಳವೆಗೆ ಕಟ್ಟಿದ ಉದ್ದನೆಯ ಬಿದಿರು ದಿಕ್ಕು ತಪ್ಪದಂತೆ ಹಿಡಿದಿಡುತ್ತಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕಿದವು.

ಇನ್ನು ಗ್ರಂಥಾಲಯ. ಅಲ್ಲಿ ಪರ್ಷಿಯನ್, ಅರೇಬಿಕ್ ಗ್ರಂಥಗಳಿದ್ದವು. ವೈದ್ಯ, ಗಣಿತ, ಖಗೋಳ, ಚರಿತ್ರೆ, ಕಾವ್ಯ ಎಲ್ಲವೂ ಇದ್ದವು. ಇವನ್ನೆಲ್ಲ ಹಣ ಕೊಟ್ಟು ಕೊಂಡದ್ದೆಂದು ತಿಳಿಯಬೇಡಿ. ಹೆಚ್ಚಿನವು ಸವಣೂರು, ಕಡಪ, ಆರ್ಕಾಟಿನ ಕಡೆಯ ಯುದ್ಧಗಳಲ್ಲಿ ವಶವಾದವು. ಅನೇಕ ಪುಸ್ತಕಗಳಿಗೆ ಶ್ರೀರಂಗಪಟ್ಟಣದಲ್ಲೇ ಹೊಸ ಚರ್ಮದ ರಟ್ಟು ಹಾಕಿಸಲಾಯಿತು.

1799ರ ಮೇ 4ರಂದು ಕೋಟೆ ಇಂಗ್ಲಿಷರ ವಶವಾಯಿತು. ಟಿಪ್ಪು ಹೋರಾಡುತ್ತಾ ಮಡಿದನು. ಆ ರಾತ್ರಿ ಊರು ಲೂಟಿಯಾಯಿತು. ಉಳಿದ ಪುಸ್ತಕಗಳಲ್ಲಿ ಹೆಚ್ಚಿನವು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೆ ಹೋದವು. ಚಾರ್ಲ್ಸ್ ಸ್ಟೀವರ್ಟ್ ಎಂಬ ವಿದ್ವಾಂಸ 1809ರಲ್ಲಿ ಅವುಗಳ ಪಟ್ಟಿಯನ್ನು ಅಚ್ಚು ಹಾಕಿಸಿದನು. ಮುಂದೆ ಎಷ್ಟೋ ಪುಸ್ತಕಗಳು ಹಡಗೇರಿದವು. ಕನಸುಗಳ ಆ ಪುಸ್ತಕ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.